ಆಲಿಸ್ ದಡ್ಡಿಯೇ? – ಒಂದು ಗಟ್ಟಿ ಓದಿನ ಅನುಭವ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಯಲಹಂಕದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿ. ಮನೆಯಲ್ಲಿ ತೆಲುಗು, ಉರ್ದು, ತಮಿಳು, ಹಿಂದಿ ಮಾತಾಡುವ ಮಕ್ಕಳಿದ್ದರು. ಬಳ್ಳಾರಿ ರಸ್ತೆಯ ಆಚೀಚೆ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದರು. ಆಲಿಸುವ ಕೌಶಲಕ್ಕೆಂದು ದಿನದ ಕೊನೆಯ ಅವಧಿಯಲ್ಲಿ ಒಂದು ಇಡೀ ಮಕ್ಕಳ ಕಾದಂಬರಿಯನ್ನು ಗಟ್ಟಿಯಾಗಿ ಓದಲು ಯೋಜನೆ ಹಾಕಿಕೊಂಡೆ. ಆರಿಸಿಕೊಂಡದ್ದು ಲೂಯಿಸ್ ಕ್ಯಾರಲ್ ಬರೆದ ಆಲಿಸ್‌ಳ ಕಥೆ. ಹನ್ನೆರಡು ಅಧ್ಯಾಯ, ಹನ್ನೆರಡು ದಿನ. 40 ನಿಮಿಷದಲ್ಲಿ ಅರ್ಧ ಓದು, ಅರ್ಧ ಮಾತುಕತೆ.

ಈ ಕಥೆ ಹುಟ್ಟಿದ್ದೇ ಬಾಯಿಮಾತಿನಲ್ಲಿ. 1862ರ ಜುಲೈ 4ರಂದು ಆಕ್ಸ್‌ಫರ್ಡ್ ಬಳಿ ದೋಣಿಯಲ್ಲಿ ಹೋಗುವಾಗ ಕ್ಯಾರಲ್ ಇದನ್ನು ಮೂವರು ಅಕ್ಕತಂಗಿಯರಿಗೆ ಹೇಳಿದರು. ಹಸ್ತಪ್ರತಿಯನ್ನು ಓದಿಸಿ ಕೇಳಿದವರಲ್ಲಿ ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ ಮಕ್ಕಳೂ ಇದ್ದರು; ಅವರಲ್ಲಿ ಆರು ವರ್ಷದ ಹುಡುಗನೊಬ್ಬ ಇಂಥ 60,000 ಪುಸ್ತಕಗಳಿರಬೇಕು ಎಂದನಂತೆ. 1865ರಲ್ಲಿ ಪುಸ್ತಕ ಬಂದಾಗ ಲಂಡನ್ನಿನ ‘ಅಥೀನಿಯಂ’ ಪತ್ರಿಕೆ ಮಾತ್ರ, ಇದನ್ನು ಓದಿ ಮಕ್ಕಳು ಖುಷಿಪಡುವುದಕ್ಕಿಂತ ತಬ್ಬಿಬ್ಬಾಗುವುದೇ ಹೆಚ್ಚು ಎಂಬರ್ಥದಲ್ಲಿ ಬರೆಯಿತು. ಕನ್ನಡದಲ್ಲಿ ನಾ. ಕಸ್ತೂರಿಯವರು ಇದನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದ್ದರು. ನಾನು ತರಗತಿಗೆ ಬೇಕಾದಷ್ಟು ಸರಳವಾಗಿ ಕನ್ನಡಕ್ಕೆ ಇಳಿಸಿಕೊಂಡೆ, ಆಲಿಸ್ ಹೆಸರನ್ನು ಹಾಗೇ ಬಿಟ್ಟೆ. “ಆಲಿಸ್ ಅಂದ್ರೆ ಕೇಳಿಸ್ಕೊ ಅಂತಾನಾ ಮಿಸ್?” ಎಂದು ಮೊದಲ ದಿನವೇ ಒಬ್ಬ ಕೇಳಿದ.

ಭಿನ್ನಾಭಿಪ್ರಾಯ ಮಕ್ಕಳಿಗಿಂತ ಮೊದಲು ದೊಡ್ಡವರಲ್ಲೇ ಶುರುವಾಯಿತು. ಸಹ ಪ್ರಶಿಕ್ಷಣಾರ್ಥಿಯೊಬ್ಬರು, “ನಮ್ಮ ಕಿಂದರಿಜೋಗಿ ಇರುವಾಗ ಪರದೇಶದ ಕಥೆ ಯಾಕೆ?” ಎಂದರು. ಕುವೆಂಪು ಅವರ ಕಿಂದರಿಜೋಗಿಗೂ ಇಂಗ್ಲಿಷ್ ಕವಿ ಬ್ರೌನಿಂಗನ ಕವನವೇ ಮೂಲ ಎಂದು ನೆನಪಿಸಿದೆ. “ಇರಬಹುದು, ಆದರೆ ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರಲ್ಲ” ಎಂದು ಅವರು ಬಿಡಲಿಲ್ಲ. ಮಾರ್ಗದರ್ಶಿ ಶಿಕ್ಷಕಿಯವರ ಪ್ರಶ್ನೆ ಬೇರೆ: “ಪಾಠ ಯೋಜನೆಯಲ್ಲಿ ಮೌಲ್ಯದ ಕಾಲಂಗೆ ಏನು ಬರೀತೀರಮ್ಮಾ? ಇದರ ನೀತಿ ಏನು?” ಅವರ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹನ್ನೆರಡು ಅವಧಿ ಎಂದರೆ ಪಠ್ಯದ ಎರಡು ಪಾಠ ಮುಗಿಯುವಷ್ಟು ಹೊತ್ತು.

ಮಾತುಕತೆಗೆ ನಾನು ಏಡನ್ ಚೇಂಬರ್ಸ್ ಅವರ ನಾಲ್ಕು ಪ್ರಶ್ನೆಗಳನ್ನು ಬಳಸಿದೆ. ಮಕ್ಕಳೊಂದಿಗೆ ಪುಸ್ತಕದ ಬಗ್ಗೆ ಮಾತಾಡುವ ಬಗೆಯನ್ನು ಕುರಿತು 1993ರಲ್ಲಿ ಅವರ ಪುಸ್ತಕವೊಂದು ಬಂದಿದೆ. ಯಾವುದು ಇಷ್ಟವಾಯಿತು, ಯಾವುದು ಇಷ್ಟವಾಗಲಿಲ್ಲ, ಯಾವುದು ಗೊಂದಲವೆನಿಸಿತು, ಯಾವುದು ಮತ್ತೆ ಮತ್ತೆ ಬಂತು – ಇಷ್ಟೇ. ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಮಕ್ಕಳ ಮಾತಿನಲ್ಲೇ ಬರೆಯುತ್ತಿದ್ದೆ. ಸರಿ, ತಪ್ಪು ಎಂದು ಹೇಳುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಎಲ್ಲ ಭಿನ್ನಾಭಿಪ್ರಾಯಗಳೂ ಒಂದೇ ಜಾತಿಯವಲ್ಲ.

ಮಾತುಮಾತಿಗೂ ತಲೆ ಕಡಿಯಿರಿ ಎನ್ನುವ ರಾಣಿಯ ಬಗ್ಗೆ ಜೋರು ಜಗಳವಾಯಿತು. “ಎಷ್ಟೊಂದ್ ಜನಾನ ಸಾಯ್ಸಿದ್ಲು, ಇದು ಮಕ್ಕಳ ಕಥೇನಾ?” ಎಂದಳು ಒಬ್ಬಳು. “ಯಾರೂ ಸತ್ತೇ ಇಲ್ಲ” ಎಂದು ಹಿಂದಿನ ಬೆಂಚಿನವನು. ಒಂಬತ್ತನೆಯ ಅಧ್ಯಾಯವನ್ನು ಮತ್ತೆ ಓದಿದೆ. ರಾಜ ಎಲ್ಲರನ್ನೂ ಮೆಲುದನಿಯಲ್ಲಿ ಕ್ಷಮಿಸಿಬಿಡುತ್ತಾನೆ. ಯಾರ ತಲೆಯನ್ನೂ ತೆಗೆಯುವುದಿಲ್ಲ, ಅದೆಲ್ಲ ರಾಣಿಯ ಕಲ್ಪನೆ ಎಂದು ಗ್ರಿಫನ್ ಎಂಬ ಪ್ರಾಣಿಯೂ ಹೇಳುತ್ತದೆ. ಪುಟಕ್ಕೆ ಹೋದೊಡನೆ ಈ ಜಗಳ ತೀರಿತು. ಆಮೇಲೆ ಮಕ್ಕಳೇ “ಎಲ್ಲಿದೆ, ಓದಿ ಮಿಸ್” ಎನ್ನತೊಡಗಿದರು.

ಎಲ್ಲವೂ ಕನಸು ಎಂದು ಕೊನೆಯಲ್ಲಿ ಗೊತ್ತಾಗುತ್ತದಲ್ಲ, ಅದು ಪುಟಕ್ಕೆ ಹೋದರೂ ತೀರಲಿಲ್ಲ. “ಹನ್ನೆರಡು ದಿನ ಕೇಳಿದ್ಮೇಲೆ ಕನಸು ಅಂದ್ರೆ ಮೋಸ” ಎಂಬುದು ಒಂದು ಪಕ್ಷ. “ಕನಸು ಅಂತ ಮೊದ್ಲೇ ಹೇಳಿದ್ರೆ ನೀನು ಕೇಳ್ತಾನೇ ಇರ್ಲಿಲ್ಲ” ಎಂಬುದು ಇನ್ನೊಂದು. ಇಲ್ಲಿ ಇಬ್ಬರೂ ಕಥೆಯನ್ನು ಸರಿಯಾಗಿಯೇ ಕೇಳಿದ್ದಾರೆ. ಕಥೆಯಿಂದ ಒಬ್ಬೊಬ್ಬರು ಬಯಸುವುದು ಬೇರೆ. ಇಂಥ ಕಡೆ ಶಿಕ್ಷಕರು ತೀರ್ಪು ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೂರನೆಯ ಜಾತಿಯದು ನನಗೆ ಹೆಚ್ಚು ಕಲಿಸಿತು. ಎರಡನೆಯ ಅಧ್ಯಾಯದಲ್ಲಿ ಆಲಿಸ್ ತಾನು ಯಾರೆಂದೇ ಗೊಂದಲಪಟ್ಟು ಮಗ್ಗಿ ಹೇಳಿಕೊಳ್ಳುತ್ತಾಳೆ; ನಾಕೈದ್ಲ ಹನ್ನೆರಡಾಗುತ್ತದೆ. ಐದನೆಯದರಲ್ಲಿ ಕಂಬಳಿಹುಳು ನೀನು ಯಾರು ಎಂದು ಗದರಿಸಿ, ಪದ್ಯ ಹೇಳಿಸುತ್ತದೆ. ಬರುತ್ತಿದ್ದ ಪದ್ಯವೂ ತಪ್ಪಿಹೋಗುತ್ತದೆ. ಮಕ್ಕಳು ನಕ್ಕರು. “ಆಲಿಸ್ ದಡ್ಡಿ” ಎಂದು ನಾಲ್ಕೈದು ಕಡೆಯಿಂದ ಕೇಳಿತು. ಆ ಜೂನ್‌ನಲ್ಲಷ್ಟೇ ರಾಯಚೂರಿನ ಕಡೆಯಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ನನ್ನ ವೀಕ್ಷಣಾ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಅಲ್ಲಿಯವರೆಗೆ ಇದ್ದದ್ದು ‘ಮಾತಾಡುವುದಿಲ್ಲ’ ಎಂಬ ಟಿಪ್ಪಣಿ ಮಾತ್ರ.

“ದಡ್ಡಿ ಅಲ್ರೀ ಟೀಚರ್. ಹೊಸಾ ಜಾಗಾದಾಗ ಬರೋದೂ ತಪ್ಪಾಗೇ ಬರ್ತದ್ರಿ.”

ತರಗತಿ ಒಂದು ಕ್ಷಣ ಸುಮ್ಮನಾಯಿತು. ಅವಳ ಮಾತಿನ ಧಾಟಿಗೆ ಯಾರಾದರೂ ನಗುತ್ತಾರೇನೋ ಎಂದು ನನಗೆ ಅಳುಕಿತ್ತು. ಯಾರೂ ನಗಲಿಲ್ಲ. ದಡ್ಡಿ ಎಂದಿದ್ದವರಲ್ಲೇ ಒಬ್ಬ, “ಹೌದು ಮಿಸ್, ಆ ಹುಳ ಹಂಗೆ ದಬಾಯ್ಸಿ ಕೇಳಿದ್ರೆ ಯಾರಿಗಾದ್ರೂ ಮರ್ತೋಗುತ್ತೆ” ಎಂದ. ತಪ್ಪು ಉತ್ತರ ಕೊಟ್ಟವಳಿಂದ ಚರ್ಚೆ ಪ್ರಶ್ನೆ ಕೇಳಿದವನ ಕಡೆಗೆ ತಿರುಗಿತು. ನಾನು ಕಪ್ಪುಹಲಗೆಯ ಮೇಲೆ ಎರಡೂ ಅಭಿಪ್ರಾಯ ಬರೆದೆ. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ, ‘ಜಾಗಾದಾಗ’ ಎಂದೇ ಬರೆದೆ. ಮುಂದಿನ ವಾರ ಅವಳು ಇನ್ನೂ ಮೂರು ಸಲ ಮಾತಾಡಿದಳು. ಒಮ್ಮೆ ಬರೀ ಜಗಳಕ್ಕೆ.

ಪ್ರಶ್ನೋತ್ತರ ಕೌಶಲ ಎಂದು ನಾವು ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಹಿಮ್ಮಾಹಿತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ‘ಆಲಿಸ್ ಎಂಥ ಹುಡುಗಿ?’ ಎಂದು ಕೇಳಿ ಒಂದು ಉತ್ತರಕ್ಕೆ ಅಂಕ ಕೊಟ್ಟಿದ್ದರೆ ಆ ವಾಕ್ಯ ಹೊರಗೆ ಬರುತ್ತಿರಲಿಲ್ಲ. ಗಟ್ಟಿ ಓದು ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳಬಹುದಾದದ್ದು ಇಷ್ಟು. ಭಿನ್ನಾಭಿಪ್ರಾಯ ಬಂದಾಗ ಅದು ಪುಟದಲ್ಲಿ ತೀರುವಂಥದ್ದೇ ಎಂದು ಮೊದಲು ನೋಡಿ; ಹೌದಾದರೆ ಮತ್ತೆ ಓದಿ. ಅಭಿರುಚಿಯದಾದರೆ ಹಾಗೇ ಬಿಡಿ. ಮಗುವಿನ ಬದುಕಿನಿಂದ ಬಂದದ್ದಾದರೆ ಆ ಮಾತಿಗೆ ಹೊತ್ತು ಕೊಡಿ. ಕಾರಣ ಕೆದಕಿ ಕೇಳಬೇಡಿ.

ಪ್ರತಿಯೊಂದರಲ್ಲೂ ನೀತಿ ಹುಡುಕುವ ಡಚೆಸ್ಸಳ ಭಾಗ ಓದಿದ ದಿನ ಮಾರ್ಗದರ್ಶಿ ಶಿಕ್ಷಕಿಯವರು ಹಿಂದೆ ಕುಳಿತಿದ್ದರು. ಮಕ್ಕಳ ಜೊತೆ ಅವರೂ ನಕ್ಕರು. ಆಮೇಲೆ, “ಆದರೂ ಕಾಲಂ ಖಾಲಿ ಬಿಡಬೇಡಿ” ಎಂದರು. ‘ಬೇರೆಯವರ ಅಭಿಪ್ರಾಯವನ್ನು ಪೂರ್ತಿ ಆಲಿಸುವುದು’ ಎಂದು ಬರೆದೆ. ಅವರು ಸಹಿ ಹಾಕಿದರು. ಹನ್ನೆರಡು ಅವಧಿ ಹೆಚ್ಚಾಯಿತು ಎಂಬ ಅವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ.