ಮುನೀಮನಿಗೆ ಅನ್ಯಾಯವಾಯಿತೇ?

ಕೆಲಸ ಬಿಟ್ಟ ಮೊದಲ ಸೋಮವಾರ ಆಕೆ ಎಂದಿನಂತೆ ಐದೂವರೆಗೇ ಎದ್ದು ಮೂರು ಡಬ್ಬಿ ಕಟ್ಟಿದರು. ಗಂಡನಿಗೊಂದು, ದ್ವಿತೀಯ ಪಿಯುಸಿಯ ಮಗಳಿಗೊಂದು, ತಮಗೊಂದು. ಬಸ್ ನಿಲ್ದಾಣಕ್ಕೆ ಬಂದು ನಿಂತರು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಬಸ್ಸು ಬಂತು, ಕಾಲು ತಾನಾಗಿ ಮೆಟ್ಟಿಲು ಹತ್ತಿತು. ‘ಏನ್ ಮೇಡಂ, ಇವತ್ತು ಐಡಿ ಕಾರ್ಡೇ ಹಾಕ್ಕೊಂಡಿಲ್ಲ?’ ಎಂದು ಕಂಡಕ್ಟರ್ ಕೇಳಿದಾಗಲೇ ನೆನಪಾದದ್ದು, ಆಫೀಸು ಇನ್ನಿಲ್ಲವೆಂದು. ಮುಂದಿನ ನಿಲ್ದಾಣದಲ್ಲಿ ಇಳಿದು, ರಸ್ತೆ ದಾಟಿ, ಕಾನೂನು ಕಾಲೇಜಿನ ಕಡೆಯ ಬಸ್ಸು ಹಿಡಿದರು.

ಅದು 2024. ಆಕೆಗೆ ಆಗ ನಲವತ್ತೊಂದು ವರ್ಷ. ಹದಿನಾರು ವರ್ಷ ಒಂದು ಖಾಸಗಿ ಕಂಪನಿಯಲ್ಲಿ ಗ್ರಾಹಕರ ತಕರಾರು ಅರ್ಜಿಗಳಿಗೆ ಉತ್ತರ ಬರೆಯುವ ಕೆಲಸ. ಅರ್ಜಿ ಯಾರದೇ ಇರಲಿ, ಕೊನೆಯ ಸಾಲು ಒಂದೇ: ‘ನಿಯಮಾನುಸಾರ ತಮ್ಮ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಿಲ್ಲ.’ ಒಮ್ಮೆ ವೃದ್ಧರೊಬ್ಬರು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದರು. ‘ಆ ನಿಯಮ ಯಾವುದು, ಸ್ವಲ್ಪ ತೋರಿಸಮ್ಮ’ ಎಂದರು. ಆಕೆ ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿದರು. ‘ಹಾಗೇ ಬರೀತಾ ಬಂದಿದೀವಲ್ಲ’ ಎಂಬ ಉತ್ತರ ಸಿಕ್ಕಿತು. ಆ ವೃದ್ಧರು ಹೊರಟುಹೋದರು. ಪ್ರಶ್ನೆ ಮಾತ್ರ ಉಳಿಯಿತು.

ಕೆಲಸ ಬಿಡದೆ ಓದಬಹುದಿತ್ತಲ್ಲ ಎಂದು ಕೇಳುವವರುಂಟು. ಆಗುವುದಿಲ್ಲ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ತಂದ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌.ಬಿ. ಪೂರ್ಣಾವಧಿಯ ಓದು, ಪ್ರತಿ ವಿಷಯದಲ್ಲೂ ಶೇಕಡ 70 ಹಾಜರಿ ಬೇಕು. ಆಫೀಸಿನಲ್ಲಿ ರುಜು ಹಾಕಿ ಕಾಲೇಜಿನಲ್ಲೂ ‘ಪ್ರೆಸೆಂಟ್’ ಎನ್ನುವ ಚಮತ್ಕಾರ ಪ್ರಾಮಾಣಿಕರಿಗೆ ಸಾಧ್ಯವಾಗುವಂಥದ್ದಲ್ಲ. ಗಂಡ ಒಂದು ರಾತ್ರಿ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದರು. ಮೂರು ವರ್ಷದ ಸಂಬಳ ಖೋತಾ, ಫೀಸು, ಪುಸ್ತಕ, ಮುಗಿದ ಮೇಲೆ ಸನ್ನದು, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಸನ್ನದಿನ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ಕೇಳಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ್ದೊಂದೇ ಆ ಕಾಗದದಲ್ಲಿ ಸಮಾಧಾನದ ಸಾಲು. ಲೆಕ್ಕ ಕೂಡಲಿಲ್ಲ. ಆದರೂ ಅವರು ಬೇಡವೆನ್ನಲಿಲ್ಲ. ಇಂಥ ಗಂಡಂದಿರ ಸುದ್ದಿ ಯಾರೂ ಬರೆಯುವುದಿಲ್ಲ, ಬಿಡಿ.

ತರಗತಿಯಲ್ಲಿ ಆಕೆ ಮಾತಾಡಿದ್ದು ಎರಡನೆಯ ವಾರ. ಕರಾರು ಕಾಯಿದೆಯ ಪಾಠ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಮಾನಿಸಿದ ಲಾಲ್‌ಮನ್ ಶುಕ್ಲಾ ಮತ್ತು ಗೌರಿದತ್ತ ಮೊಕದ್ದಮೆಯನ್ನು ಮೇಷ್ಟರು ಕಥೆಯಂತೆ ಹೇಳಿದರು. ಕಾನ್ಪುರದ ಗೌರಿದತ್ತನ ಸೋದರಳಿಯ ಮನೆ ಬಿಟ್ಟು ಓಡಿಹೋದ. ಹುಡುಕಲು ಯಜಮಾನ ತನ್ನ ಮುನೀಮ ಲಾಲ್‌ಮನ್‌ನನ್ನು ಹರಿದ್ವಾರಕ್ಕೆ ಕಳಿಸಿದ. ಮುನೀಮ ಅತ್ತ ಹೋದ ಮೇಲೆ ಇತ್ತ ಕರಪತ್ರ ಹಂಚಿದರು, ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನವೆಂದು. ಮುನೀಮ ಹುಡುಗನನ್ನು ಹುಡುಕಿದ. ಬಹುಮಾನದ ಸುದ್ದಿ ಗೊತ್ತಾದದ್ದು ಆಮೇಲೆ. ಸುಮಾರು ಆರು ತಿಂಗಳ ನಂತರ ಕೆಲಸದಿಂದ ತೆಗೆದಾಗ ದಾವೆ ಹೂಡಿದ.

‘ಅವನಿಗೆ ಹಣ ಸಿಗಬೇಕೇ?’ ಎಂದರು ಮೇಷ್ಟರು.

‘ಸಿಗಲೇಬೇಕು ಸರ್’ ಎಂದು ಆಕೆ ಎದ್ದು ನಿಂತರು. ‘ಹುಡುಗನನ್ನು ತಂದುಕೊಟ್ಟವನು ಅವನೇ ಅಲ್ಲವೇ?’

‘ಅದು ನಿಮ್ಮ ಮನಸ್ಸಿನ ಮಾತಾಯಿತು. ಕರಾರು ಎಲ್ಲಿದೆ?’

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗರು. ಆಫೀಸಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುತ್ತಿದ್ದ ಹೆಂಗಸು ಅಂದು ಕಿವಿ ಕೆಂಪಾಗಿಸಿಕೊಂಡು ಕುಳಿತರು. ಮತ್ತೆ ಅನೇಕ ದಿನ ಕೈ ಎತ್ತಲಿಲ್ಲ.

ಆಂತರಿಕ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಏಳು ಬಂತು. ಆಕೆಯ ಉತ್ತರಗಳೆಲ್ಲ ಎರಡೆರಡು ಸಾಲು: ‘ದಾವೆ ವಜಾ ಆಗುತ್ತದೆ.’ ‘ಪರಿಹಾರ ಸಲ್ಲುತ್ತದೆ.’ ಆಫೀಸಿನಲ್ಲಿ ಮೇಲಿನವರು ಕೇಳುತ್ತಿದ್ದುದು ಅಷ್ಟೇ ಅಲ್ಲವೇ, ಆಗುತ್ತದೋ ಇಲ್ಲವೋ? ಮೇಷ್ಟರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ತೀರ್ಮಾನ ಸರಿ. ಕಾರಣ?’

ಆ ತಿಂಗಳ ಕೊನೆಗೆ ಮೊಬೈಲಿನಲ್ಲಿ ಸಂಬಳದ ಸಂದೇಶ ಬರಲಿಲ್ಲ. ಹಿಂದಿನ ತಿಂಗಳೂ ಬಂದಿರಲಿಲ್ಲ. ಈ ಬಾರಿ ಮಾತ್ರ ಆ ಮೌನ ಕೇಳಿಸಿತು, ಏಕೆಂದರೆ ಮಗಳ ಕೋಚಿಂಗ್ ಫೀಸು ಕಟ್ಟಬೇಕಿತ್ತು. ಬಳೆ ಅಡವಿಡುವ ಮಾತು ಬಂತು, ಭವಿಷ್ಯನಿಧಿಯ ಹಣದಲ್ಲಿ ಮುಗಿಯಿತು. ಅದೇ ವಾರ ಹಳೆಯ ಆಫೀಸಿನಿಂದ ಫೋನು: ‘ಜಾಗ ಇನ್ನೂ ಖಾಲಿ ಇದೆ. ಹದಿನೈದರೊಳಗೆ ಹೇಳಿ.’

ಆಕೆ ಯಾರಿಗೂ ಹೇಳಲಿಲ್ಲ. ರಾತ್ರಿ ಊಟದ ಮೇಜಿನ ಒಂದು ತುದಿಯಲ್ಲಿ ತಾವು, ಇನ್ನೊಂದು ತುದಿಯಲ್ಲಿ ಮಗಳು, ಇಬ್ಬರೂ ಓದುತ್ತಿದ್ದರು. ‘ಏನಮ್ಮ, ಅರ್ಧ ಗಂಟೆಯಿಂದ ಅದೇ ಪುಟ?’ ಎಂದಳು ಮಗಳು. ಆಕೆ ಮುನೀಮನ ಕಥೆ ಹೇಳಿದರು.

‘ಪಾಪ! ಕೊಡಬೇಕಿತ್ತು’ ಎಂದಳು ಮಗಳು, ಅಂದು ತಾಯಿ ಎಂದ ಹಾಗೆಯೇ.

ಈಗ ಕೋರ್ಟಿನ ಪರವಾಗಿ ವಾದಿಸುವ ಸರದಿ ತಾಯಿಯದು. ಮೊದಲ ಸಲ ತಡವರಿಸಿದರು. ಎರಡನೆಯ ಸಲ ಪುಸ್ತಕ ನೋಡಿದರು. ನಾಲ್ಕನೆಯ ಸಲಕ್ಕೆ ಪುಸ್ತಕ ಮುಚ್ಚಿ ಹೇಳಿದರು: ಬಹುಮಾನದ ಮಾತೆಂದರೆ ಒಂದು ಪ್ರಸ್ತಾಪ. ಗೊತ್ತೇ ಇಲ್ಲದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಡುವುದು ಹೇಗೆ? ಅಲ್ಲದೆ ಹುಡುಕಲೆಂದೇ ಯಜಮಾನ ಕಳಿಸಿದ್ದನಲ್ಲ, ಅದು ಮುನೀಮನ ಕರ್ತವ್ಯವೇ ಆಗಿತ್ತು. ಮುನೀಮ ಒಳ್ಳೆಯವನೇ ಎಂದು ಕೋರ್ಟು ಕೇಳಲಿಲ್ಲ; ಅವನಿಗೆ ಯಾವಾಗ ಗೊತ್ತಾಯಿತು ಎಂದು ಕೇಳಿತು.

‘ಆದ್ರೂ ನಂಗೆ ಇಷ್ಟವಾಗಲಿಲ್ಲ.’

‘ನಂಗೂ ಆಗಿಲ್ಲ’ ಎಂದರು ತಾಯಿ. ಇಬ್ಬರೂ ನಕ್ಕರು. ಹದಿನೈದನೆಯ ತಾರೀಖು ಬಂದು ಹೋಯಿತು. ಆಕೆ ಫೋನು ಮಾಡಲಿಲ್ಲ.

ಕಾಲೇಜು ಹತ್ತಿರವಾದದ್ದು ಬೇರೆ ಕಾರಣದಿಂದ. 2024ರ ಜುಲೈ 1ರಂದು 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತ್ತಷ್ಟೆ. 511 ಕಲಮುಗಳ ಜಾಗದಲ್ಲಿ 358. ಕೊಲೆಯ ಶಿಕ್ಷೆಯ 302 ಈಗ 103. ಬೀದಿಯ ಬೈಗುಳಕ್ಕೂ ಇಳಿದಿದ್ದ 420 ಈಗ 318ರೊಳಗೆ ಸೇರಿತ್ತು. ಸೀನಿಯರ್‌ಗಳಿಂದ ಹುಡುಗರು ತಂದ ನೋಟ್ಸಿನಲ್ಲಿ ಕಲಮಿನ ಸಂಖ್ಯೆಗಳೆಲ್ಲ ಹಳೆಯವು. ಮೇಷ್ಟರೇ ಎರಡು ಪುಸ್ತಕಗಳಲ್ಲಿ ಬೆರಳಿಟ್ಟುಕೊಂಡು ಪಾಠ ಮಾಡುತ್ತಿದ್ದರು. ಆಕೆ ಒಂದು ಭಾನುವಾರ ಕುಳಿತು, ಆಫೀಸಿನಲ್ಲಿ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದಂತೆ, ಹಳೆಯದು ಹೊಸದು ಎಂದು ಎರಡು ಕಾಲಂ ಮಾಡಿ ಪಟ್ಟಿ ಬರೆದರು. ಬುಧವಾರದ ಹೊತ್ತಿಗೆ ಅದರ ಜೆರಾಕ್ಸ್ ಎಲ್ಲರ ಕೈಯಲ್ಲಿತ್ತು. ಹಿಂದಿನ ಬೆಂಚಿನವರೂ ‘ಅಕ್ಕ’ ಎನ್ನತೊಡಗಿದರು.

ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯ ತಲೆಯಲ್ಲಿ ಒಂದು ಸೂಚನೆ: ಉತ್ತರ ಸಂಪೂರ್ಣ ಇಂಗ್ಲಿಷಿನಲ್ಲಿರಬೇಕು ಅಥವಾ ಸಂಪೂರ್ಣ ಕನ್ನಡದಲ್ಲಿರಬೇಕು. ಹದಿನಾರು ವರ್ಷ ಬರೆದದ್ದು ಇಂಗ್ಲಿಷ್ ಪತ್ರಗಳನ್ನೇ. ಆದರೆ ಲೆಕ್ಕ ಹಾಕಿದರೆ ಅವು ನಲವತ್ತೇ ವಾಕ್ಯಗಳು, ತಿರುಗಿ ಮುರುಗಿ ಬಂದವು. ಕಾರಣ ಹೇಳುವ ವಾಕ್ಯ ಅವುಗಳಲ್ಲಿ ಒಂದೂ ಇರಲಿಲ್ಲ. ಊಟದ ಮೇಜಿನಲ್ಲಿ ಮಗಳಿಗೆ ಹೇಳಿದ್ದು ಕನ್ನಡದಲ್ಲಿ. ಆಕೆ ಕನ್ನಡದಲ್ಲೇ ಬರೆದರು.

ಫಲಿತಾಂಶ ಬಂದಾಗ ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು, ‘ಪಾಸಾ?’

‘ಒಂದು ವಿಷಯ ಉಳೀತು, ಅಮ್ಮ.’

‘ಮುನೀಮನದಾ?’

‘ಅಲ್ಲ, ಅದು ಬಂತು. ಅಪಕೃತ್ಯ ಕಾನೂನು ಹೋಯ್ತು.’

ಅತ್ತೆ ಕಾಫಿ ಲೋಟ ಮುಂದಿಟ್ಟರು. ‘ಮುನ್ನೂರು ಪುಟದ ಪುಸ್ತಕವಲ್ಲವಾ ಅದು? ಇವತ್ತೇ ಶುರುಮಾಡು. ಡಬ್ಬಿ ನಾನು ಕಟ್ತೀನಿ.’