ವೋಟಿಗೆ ತೆರೆದ ಬಾಗಿಲು

ಆ ರಾತ್ರಿಯ ಜಗಳ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ. 2020ರ ಡಿಸೆಂಬರ್ 31, ಗುರುವಾರ. ಬೆಳಗಾದರೆ ಶಾಲೆ ಬಾಗಿಲು ತೆಗೆಯಬೇಕು. ಕೆ.ಎಂ. ದೊಡ್ಡಿಯಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಸಿಗುವ ಊರು. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರು. ಸಂಜೆಯವರೆಗೂ ಅಂಗಳದಲ್ಲಿ ಸುಣ್ಣದ ಪುಡಿಯಿಂದ ದೂರ ದೂರಕ್ಕೆ ವೃತ್ತ ಬರೆದು, ಪಂಚಾಯಿತಿಯವರಿಂದ ಕೋಣೆಗಳಿಗೆ ಔಷಧಿ ಹೊಡೆಸಿ, ಬೈಕ್ ಹತ್ತಿದ್ದೆ. ಆಲೆಮನೆಯ ಗೌಡರು ಕೂಗಿದರು.

“ಬನ್ನಿ ಮೇಷ್ಟ್ರೇ, ಚಳಿ ಐತೆ. ಒಸಿ ಒಲೆ ಮುಂದೆ ಕೂತ್ಕಂಡು ಹೋಗಿ.”

ಡಿಸೆಂಬರ್ ಚಳಿಯಲ್ಲಿ ನಮ್ಮ ಸೀಮೆಯ ಗಂಡಸರಿಗೆ ಆಲೆಮನೆಗಿಂತ ಒಳ್ಳೆಯ ಜಾಗವಿಲ್ಲ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆ ಬಾಯಿಗೆ ತಳ್ಳುತ್ತಿದ್ದರೆ ಬೆಂಕಿ ಒಂದು ಕ್ಷಣವೂ ಇಳಿಯುವುದಿಲ್ಲ. ಮೇಲೆ ಕೊಪ್ಪರಿಗೆಯಲ್ಲಿ ಹಾಲು ಕೊತಕೊತ ಕುದಿಯುತ್ತದೆ. ನಮ್ಮಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಲೇ ಅನ್ನುವುದು. ಹಿಂದಿನ ದಿನವಷ್ಟೇ ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ ಮುಗಿದಿತ್ತು. ಗೆದ್ದವರ ಮನೆಯಲ್ಲಿ ಬಾಡೂಟ, ಸೋತವರು ಇಲ್ಲಿ ಬೆಂಕಿ ಮುಂದೆ. ಒಬ್ಬರ ಮೂಗಿನ ಮೇಲೂ ಮಾಸ್ಕ್ ಇಲ್ಲ, ಗಲ್ಲದ ಕೆಳಗೆ ಮಾತ್ರ.

ನಾನು ಕೂತು ಒಂದು ಲೋಟ ಹಾಲು ಕುಡಿಯುವುದರೊಳಗೆ ಗೌಡರೇ ಶುರು ಮಾಡಿದರು.

“ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಮೊನ್ನೆ ವೋಟ್ ಹಾಕ್ಸಕೆ ಇಸ್ಕೂಲ್ ಬಾಗ್ಲು ತಗದ್ರಲ್ಲ, ಊರೆಲ್ಲ ಬಂದು ಸಾಲಾಗಿ ನಿಂತಿತ್ತಲ್ಲ, ಆಗ ಬರ್ನಿಲ್ವಾ ಕೊರೊನಾ? ಐಕ್ಳು ಬಂದ್ ಕೂತ್ಕಂಡ್ರೆ ಮಾತ್ರ ಬತ್ತದಾ?”

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಹೇಳಲು ಉತ್ತರವಿರಲಿಲ್ಲ, ಏಕೆಂದರೆ ಬಾಗಿಲು ತೆಗೆದವನು ನಾನೇ. ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ರಾಜ್ಯದ ಹಳ್ಳಿಗಳಲ್ಲೆಲ್ಲ ಮತದಾನ ನಡೆದಿತ್ತು. ಮತಗಟ್ಟೆಯೆಂದರೆ ಶಾಲೆ, ಮತಗಟ್ಟೆ ಅಧಿಕಾರಿಯೆಂದರೆ ಬಹುಪಾಲು ಮೇಷ್ಟ್ರು. ಆ ವರ್ಷ ನಮ್ಮ ಶಾಲೆಗಳು ಮುಚ್ಚಿದ್ದವು ಎನ್ನುವುದೇ ಅರ್ಧ ಸುಳ್ಳು. ಮೇ ತಿಂಗಳಲ್ಲಿ ಮುಂಬೈಯಿಂದ ಜನ ವಾಪಸಾದಾಗ ಜಿಲ್ಲೆಯ ಶಾಲೆ, ಹಾಸ್ಟೆಲ್ಲುಗಳನ್ನು ಕ್ವಾರಂಟೈನ್‌ಗೆ ತೆರೆದರು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ನನ್ನ ಸ್ನೇಹಿತರು ಅಲ್ಲಿ ಡ್ಯೂಟಿ ಮಾಡಿದರು. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತೆರೆದರು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚುವುದಕ್ಕೆ ತೆರೆದರು. ಕೊನೆಗೆ ವೋಟಿಗೂ ತೆರೆದರು. ನಾಲ್ಕನೇ ಕ್ಲಾಸಿನ ಮಗು ಬಂದು ತನ್ನ ಮಣೆಯ ಮೇಲೆ ಕೂರುವುದಕ್ಕೆ ಮಾತ್ರ ಬೀಗ ಇತ್ತು.

“ಕೂತಲ್ಲೇ ಸಂಬ್ಳ ಬರೋದಾದ್ರೆ ನಮ್ದೂ ಅಷ್ಟೇಯ, ಬಾಗ್ಲು ಯಾರು ತಗದಾರು?” ಅಂದ ಇನ್ನೊಬ್ಬ, ಮೂರು ವೋಟಿನಲ್ಲಿ ಸೋತವನು.

ಇದು ಚುಚ್ಚಿತು. ಆಗಸ್ಟ್‌ನಲ್ಲಿ, ಶಾಲೆಯ ಹೊರಗೇ ಮಕ್ಕಳಿಗೆ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಇದೇ ಊರಿನ ಮಾರಮ್ಮನ ಗುಡಿ ಜಗಲಿ, ಅರಳಿಕಟ್ಟೆ, ಹಾಲಿನ ಡೇರಿ ಮುಂದಿನ ಚಪ್ಪರ ಅಂತ ಮಕ್ಕಳನ್ನು ಗುಂಪು ಮಾಡಿ ಪಾಠ ಹೇಳಿದವರು ನಾವು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಬಗೆ ಮಾಡಿ ಪಟ್ಟಿ ಬರೆಯಬೇಕಿತ್ತು. ಆ ಪಟ್ಟಿಗೆ ‘ಕಾಲ್ಪನಿಕ ಕೊಠಡಿ’ ಅಂತ ಹೆಸರು. ಕೊಠಡಿ ಕಾಲ್ಪನಿಕ, ಬಿಸಿಲು ನಿಜ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರನ್ನು ಜೂನ್ ಕೊನೆಗೆ ಪ್ರಧಾನಿ ರೇಡಿಯೊದಲ್ಲಿ ಹೇಳಿದ್ದರು. ಕುರಿ ಕಾಯುತ್ತ ಬೆಟ್ಟದಲ್ಲಿ ಕಟ್ಟೆ ಕಟ್ಟಿದ ಅವರ ಕತೆಯಿಟ್ಟುಕೊಂಡೇ ನಾನು ಗುಡಿ ಜಗಲಿಯಲ್ಲಿ ಉದ್ದ, ಅಗಲ, ಆಳದ ಲೆಕ್ಕ ಹೇಳಿದೆ. ಪಾಠ ಚೆನ್ನಾಗಿಯೇ ನಡೆಯಿತು. ಗೋಡೆಯೊಳಗೆ ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ನಾನು ಕಂಡಿಲ್ಲ. ಆದರೆ ಜಗಲಿಯಲ್ಲಿ ಎಲ್ಲ ಮಕ್ಕಳೂ ಸಲೀಸಾಗಿ ಕೂರಲಿಲ್ಲ. ಕೆಳಕೇರಿಯ ಇಬ್ಬರು ಮೆಟ್ಟಿಲ ಕೆಳಗೇ ನಿಂತರು. ಕೂರಿ ಅಂದರೂ ಕೂರಲಿಲ್ಲ. ಶಾಲೆಯೊಳಗೆ ಅವರದೂ ಒಂದು ಜಾಗ ಇತ್ತು. ಗುಡಿ ಜಗಲಿಯಲ್ಲಿ ಯಾವ ಸುತ್ತೋಲೆ ಅದನ್ನು ಕೊಡುತ್ತದೆ? ಮಾರನೇ ವಾರ ಆ ಗುಂಪನ್ನು ಡೇರಿ ಚಪ್ಪರಕ್ಕೆ ಸೇರಿಸಿದೆವು.

ಅಕ್ಟೋಬರ್ ಬರುವಷ್ಟರಲ್ಲಿ ರಾಜ್ಯದ ಹಲವು ಕಡೆ ಶಿಕ್ಷಕರು ಸೋಂಕಿನಿಂದ ಸತ್ತ ಸುದ್ದಿ, ಮಕ್ಕಳಿಗೂ ಹರಡಿತೆಂಬ ಸುದ್ದಿ ಬಂತು. ಗದ್ದಲ ಜೋರಾಗಿ, ಎರಡನೇ ವಾರದಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿ ದಸರಾ ರಜೆ ಕೊಟ್ಟಿತು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರನ್ನು ಮುಚ್ಚಿದ್ದಕ್ಕೆ ಅರ್ಧ ಜನ ಬೈದರು, ತೆರೆದಿದ್ದಕ್ಕೆ ಇನ್ನರ್ಧ ಜನ ಬೈದರು. ಸತ್ತ ಮೇಷ್ಟ್ರುಗಳನ್ನು ಕೊರೊನಾ ಯೋಧರೆಂದು ಪರಿಗಣಿಸಿ ಪರಿಹಾರ ಕೊಡಿ ಎಂದು ನಮ್ಮ ಸಂಘದವರು ಮನವಿ ಮೇಲೆ ಮನವಿ ಕೊಟ್ಟರು. ಇದನ್ನೆಲ್ಲ ಹೇಳಿದೆ. ಮೊನ್ನೆ ಡಿಸೆಂಬರ್ ಕೊನೆಯಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಆರ್‌ಟಿಪಿಸಿಆರ್ ನೆಗೆಟಿವ್ ಅಂತ ಬಂದ ಮೇಲೇ ನಾಳೆ ನಮಗೆ ಶಾಲೆಯೊಳಗೆ ಪ್ರವೇಶ ಅಂತಲೂ ಹೇಳಿದೆ. ಮಾತಿನ ಬಿಸಿಯಲ್ಲಿ, “ನಮ್ ತುಟ್ಟಿಭತ್ಯೆ ತಡ್ದವ್ರೆ, ಗಳಿಕೆ ರಜೆ ದುಡ್ಡೂ ಈ ವರ್ಷ ಇಲ್ಲ” ಅಂತ ಶುರು ಮಾಡಿದವನು ಎದುರಿಗೆ ಕೂತವನ ಮುಖ ಕಂಡು ಬಾಯಿ ಮುಚ್ಚಿದೆ.

ಅವನು ನಮ್ಮೂರಿನವನೇ, ಬಿ.ಎಡ್. ಓದಿದವನು. ಊರಿನವರು ಅವನನ್ನು ಕಾನ್ವೆಂಟ್ ಮೇಷ್ಟ್ರು ಅನ್ನುತ್ತಿದ್ದರು. ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು, ಅಲ್ಲಿಗೆ ಅವನ ಸಂಬಳವೂ ಮುಚ್ಚಿತು. ಅಪ್ಪಅಮ್ಮಂದಿರು ಫೀಸು ಕಟ್ಟಿಲ್ಲ, ನಾವೆಲ್ಲಿಂದ ಕೊಡೋಣ ಎಂದು ಆಡಳಿತದವರು ಅಂದರಂತೆ. ಆನ್‌ಲೈನ್ ಪಾಠಕ್ಕೆ ಕೆಲವರನ್ನು ಅರ್ಧ ಸಂಬಳಕ್ಕೆ ಇಟ್ಟುಕೊಂಡರು, ಇವನನ್ನು ಇಟ್ಟುಕೊಳ್ಳಲಿಲ್ಲ. ಜೂನ್‌ನಿಂದ ತೋಟಗಳಲ್ಲಿ ಎಳನೀರು ಇಳಿಸಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಸಾಗಿಸುವ ಗುಂಪಿಗೆ ಸೇರಿದ್ದ. ಕೂಲಿ ಕಾಯಿ ಲೆಕ್ಕದಲ್ಲಿ. ಅಂಗೈ ಎರಡೂ ಹಗ್ಗ ಎಳೆದು ಸಿಪ್ಪೆ ಎದ್ದಿದ್ದವು. ಬೆಂಕಿಗೆ ಕೈಯೊಡ್ಡಿದಾಗ ಆ ಅಂಗೈ ಎಲ್ಲರಿಗೂ ಕಾಣುತ್ತಿತ್ತು.

“ಮೇಷ್ಟ್ರುಗಳು ಕೂತ್ಕಂಡು ಸಂಬ್ಳ ತಗತಾರೆ ಅಂದ್ರಲ್ಲ ಅಣ್ಣ,” ಅಂದ ಅವನು ಸೋತವನ ಕಡೆ ತಿರುಗಿ. “ನಾನೂ ಮೇಷ್ಟ್ರೇಯ. ನಂಗೆ ಯಾರ್ ಕೊಟ್ರು?”

ಯಾರೂ ನಗಲಿಲ್ಲ. ಅವನು ನನ್ನ ಕಡೆಯೂ ತಿರುಗಿದ.

“ನಿಮ್ ಸಂಘದೋರು ಪರಿಹಾರ ಕೇಳುದ್ರು, ರಜೆ ಕೇಳುದ್ರು, ಸರಿಯೇ ಸಾ. ಹೋದ ವರ್ಷ ನಿಮ್ ಇಸ್ಕೂಲಲ್ಲೇ ಅತಿಥಿ ಶಿಕ್ಷಕಿ ಇದ್ರಲ್ಲ, ಅವ್ರ ಇಸ್ಯ ಯಾರಾರ ಬಾಯ್ ಬುಟ್ರಾ?”

ಆ ಅಕ್ಕ ತಿಂಗಳಿಗೆ 7,500 ರೂಪಾಯಿಗೆ ನಾನು ಹೇಳುವ ಪಾಠವನ್ನೇ ಹೇಳುತ್ತಿದ್ದವರು. ಶಾಲೆ ತೆರೆಯದಿದ್ದರೆ ಅತಿಥಿ ಶಿಕ್ಷಕರಿಗೆ ಕರೆಯೇ ಬರುವುದಿಲ್ಲ, ಕರೆ ಬರದಿದ್ದರೆ ಅವರು ಯಾವ ಲೆಕ್ಕದಲ್ಲೂ ಇಲ್ಲ. ಅವನ ಮಾತು ನನ್ನ ಮಟ್ಟಿಗೆ ಈಗಲೂ ಸರಿ. ಆ ವರ್ಷ ಪೇಪರಿನಲ್ಲೂ ಟಿ.ವಿ.ಯಲ್ಲೂ ‘ಶಿಕ್ಷಕರು ಬೇಡ ಅನ್ನುತ್ತಾರೆ, ಪೋಷಕರು ಬೇಕು ಅನ್ನುತ್ತಾರೆ’ ಎಂದು ಚರ್ಚೆ ಮಾಡಿದರು. ಶಿಕ್ಷಕರು ಅಂತ ಒಂದು ಜಾತಿ ಇದ್ದ ಹಾಗೆ. ಖಾಯಂ ಆದವನಿಗೆ ಪ್ರಾಣಭಯ ಇತ್ತು, ಸಂಬಳದ ಭಯ ಇರಲಿಲ್ಲ. ಖಾಸಗಿ ಶಾಲೆಯವನಿಗೂ ಅತಿಥಿಗಳಿಗೂ ಎರಡೂ ಇತ್ತು. ಅವರಿಗೆ ಶಾಲೆ ತೆರೆಯಲೇಬೇಕಿತ್ತು, ನಮ್ಮಲ್ಲಿ ಅರ್ಧ ಜನಕ್ಕೆ ಇನ್ನೊಂದು ತಿಂಗಳು ತಡೆದರೆ ವಾಸಿ ಅನ್ನಿಸುತ್ತಿತ್ತು. ಒಂದೇ ಕರಿಹಲಗೆ ಮುಂದೆ ನಿಂತವರ ಬೇಡಿಕೆ ಬೇರೆ ಬೇರೆಯಾಗಿದ್ದದ್ದು ಹೀಗೆ.

ಜಗಳ ಎಲ್ಲಿಗೆ ಹೋಗುತ್ತಿತ್ತೋ, ಪಾಕ ಬಂತು ಅಂತ ಗೌಡರು ಎದ್ದರು. ಕೊಪ್ಪರಿಗೆ ಇಳಿಸಿ, ಪಾಕವನ್ನು ಹರಡಿ ತಿರುವಿ, ಅಚ್ಚಿಗೆ ತುಂಬುವ ಕೆಲಸಕ್ಕೆ ಹುಡುಗನೊಬ್ಬ ಕತ್ತಲೆಯಿಂದ ಓಡಿಬಂದ. ಮುಖಕ್ಕೆ ಟವೆಲ್ ಸುತ್ತಿದ್ದ. ನನ್ನನ್ನು ಕಂಡವನೇ ಹಿಂದಕ್ಕೆ ಸರಿದ, ಆಗ ಗುರುತು ಸಿಕ್ಕಿತು. ನನ್ನ ಏಳನೇ ಕ್ಲಾಸಿನವನು. ಸೌಟಿನಿಂದ ಪಾಕ ಬಿಟ್ಟು, ಮರದ ಹಲಗೆಯಿಂದ ತೀಡಿ, ಅಚ್ಚಿನ ಸಾಲು ಮುಗಿಸಿ ಮುಂದಿನದಕ್ಕೆ ಹೋಗುವ ಅವನ ಕೈಚಳಕ ನೋಡಿದರೆ ಅದು ನಿನ್ನೆ ಮೊನ್ನೆ ಕಲಿತದ್ದಲ್ಲ. ಎಷ್ಟು ಅಚ್ಚು ಆಯಿತು ಅಂತ ಗೌಡರು ಕೇಳಿದರೆ ಸಾಲು ಗುಣಿಸಿ ತಟಕ್ಕನೆ ಹೇಳಿದ. ಇವನೇ ನನ್ನ ಕ್ಲಾಸಿನಲ್ಲಿ ಮಗ್ಗಿಗೆ ತಡವರಿಸುತ್ತಿದ್ದವನು.

“ನಾಳೆ ಬರ್ತೀಯೇನೋ?” ಅಂದೆ.

ಅವನು ಗೌಡರ ಮುಖ ನೋಡಿದ. ಗೌಡರು ಕೊಪ್ಪರಿಗೆ ನೋಡಿದರು.

ಮಾರನೇ ದಿನ, 2021ರ ಜನವರಿ 1. ಹತ್ತನೇ ಕ್ಲಾಸು ಮತ್ತು ದ್ವಿತೀಯ ಪಿಯುಸಿಗೆ ತರಗತಿ, ಆರರಿಂದ ಒಂಬತ್ತಕ್ಕೆ ಶಾಲೆಯ ಆವರಣದಲ್ಲೇ ವಿದ್ಯಾಗಮ. ನಮ್ಮಲ್ಲಿ ಆರು, ಏಳು ಮಾತ್ರ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಅಪ್ಪ ಅಥವಾ ಅವ್ವನ ಒಪ್ಪಿಗೆ ಪತ್ರ ಇದ್ದವರನ್ನು, ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿದು ಒಳಗೆ ಬಿಟ್ಟೆವು. ನೀರು ಮನೆಯಿಂದಲೇ, ಊಟ ಇಲ್ಲ, ಅರ್ಧ ದಿನ. ಊಟ ಇಲ್ಲದಿದ್ದರೂ ಬಿಸಿಯೂಟದ ಅಡುಗೆಯಕ್ಕ ಬಂದಿದ್ದರು. ಹಿಂದಿನ ದಿನ ಕಸ ಗುಡಿಸಲು ಅವರನ್ನೇ ಕರೆದಿದ್ದೆವು. ಮುಖ್ಯ ಅಡುಗೆಯವರಿಗೆ ಆಗ ತಿಂಗಳಿಗೆ 2,700 ರೂಪಾಯಿ, ಸಹಾಯಕಿಗೆ 2,600. ಅದೂ ಬರಬೇಕಾದಾಗ ಬರುತ್ತಿರಲಿಲ್ಲ. “ಒಲೆ ಹಚ್ಚದು ಬ್ಯಾಡ, ಪರಕೆ ಹಿಡ್ಯದು ಬೇಕು,” ಅಂದುಕೊಂಡೇ ಅಂಗಳದ ಮೂಲೆ ಗುಡಿಸಿದರು. ಹೆಡ್ ಮೇಷ್ಟ್ರು ಕೇಳಿಸದವರಂತೆ ಹಾಜರಿ ಪುಸ್ತಕ ತಿರುವಿದರು. ಆಲೆಮನೆ ಹುಡುಗ ಬರಲಿಲ್ಲ. ಸೋಮವಾರ ಬಂದ. ಅವನನ್ನು ಕರೆತಂದದ್ದು ಗೌಡರೇ, ಅವರದೇ ಬೈಕಿನಲ್ಲಿ. “ಮದ್ಯಾನದ ಮ್ಯಾಲೆ ಕಳ್ಸಿ” ಅಂತ ಮಾತ್ರ ಅಂದರು. ಅರ್ಧ ದಿನದ ಶಾಲೆ ಆ ಮಟ್ಟಿಗೆ ಅನುಕೂಲವೇ ಆಯಿತು.

ಫೆಬ್ರುವರಿ 22ಕ್ಕೆ ಆರರಿಂದ ಎಂಟನೇ ಕ್ಲಾಸಿಗೆ ಪೂರ್ತಿ ತೆರೆದು, ಇನ್ನೇನು ಹಳಿಗೆ ಬಂತು ಅನ್ನುವಾಗ ಏಪ್ರಿಲ್‌ನ ಎರಡನೇ ಅಲೆ. ಮತ್ತೆ ಬೀಗ. ಮತ್ತೆ ಚುನಾವಣೆ ಕೂಡ: ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ. ಡ್ಯೂಟಿ ಮುಗಿಸಿ ಬಂದು ಮಲಗಿದ ಮೇಷ್ಟ್ರುಗಳ ಸಾವಿನ ಸುದ್ದಿ ಒಂದೊಂದಾಗಿ ಬಂತು. ಉತ್ತರ ಪ್ರದೇಶದ ಪಂಚಾಯಿತಿ ಚುನಾವಣೆಯ ಕೆಲಸ ಮಾಡಿ 1,600ಕ್ಕೂ ಹೆಚ್ಚು ಶಿಕ್ಷಕರು ಮತ್ತು ಸಿಬ್ಬಂದಿ ಸತ್ತರೆಂದು ಅಲ್ಲಿನ ಶಿಕ್ಷಕರ ಸಂಘ ಪಟ್ಟಿ ಕೊಟ್ಟರೆ, ಸರ್ಕಾರ ಮೊದಲಿಗೆ ಮೂವರು ಅಂದಿತು. ಗೌಡರಿಗೆ ಫೋನ್ ಮಾಡಿ, “ವೋಟಲ್ಲೂ ಬತ್ತದೆ ಕಣ್ರೀ” ಅನ್ನಬೇಕೆನಿಸಿತು. ಅವರ ಮನೆಯಲ್ಲೇ ಇಬ್ಬರು ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿದ್ದರು, ಮಾಡಲಿಲ್ಲ. ಮುಂದೆ 2022ರ ಜನವರಿಯಲ್ಲಿ ಅಮೆರಿಕದ ಷಿಕಾಗೊದ ಶಿಕ್ಷಕರ ಸಂಘ, ಸುರಕ್ಷತೆ ಇಲ್ಲದೆ ಶಾಲೆಗೆ ಬರುವುದಿಲ್ಲವೆಂದು ಮತ ಹಾಕಿ ಕೆಲ ದಿನ ತರಗತಿಯೇ ನಿಂತಿದ್ದನ್ನು ಓದಿದೆ. ಹಾಗೆ ಮತ ಹಾಕುವ ಮಾತು ನಮ್ಮ ಕನಸಿನಲ್ಲೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಮತ ಹಾಕಿಸುವುದು.

2021ರ ಜೂನ್‌ನಲ್ಲಿ ಯಡಿಯೂರಪ್ಪನವರ ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸಿತು. ಎಳನೀರಿನವನು ಅರ್ಜಿ ಹಾಕಲು ಶಾಲೆಯ ಪತ್ರ ಬೇಕಾಯಿತು. ನೀನು ನಮ್ಮಲ್ಲಿ ಈಗ ಕೆಲಸದಲ್ಲೇ ಇಲ್ಲವಲ್ಲ ಅಂದರಂತೆ ಅವರು. ಅವನು ಮತ್ತೆ ಅತ್ತ ಹೋಗಲಿಲ್ಲ.

ಅಕ್ಟೋಬರ್ 25ರ ಸೋಮವಾರ ಒಂದರಿಂದ ಐದನೇ ಕ್ಲಾಸಿನವರು ಬಂದರು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಮೂರನೇ ಕ್ಲಾಸಿನ ಒಂದು ಹೆಣ್ಣುಮಗು ಒಂದನೇ ಕ್ಲಾಸಿನ ಕೋಣೆಗೇ ಹೋಗಿ ತನ್ನ ಹಳೇ ಜಾಗದಲ್ಲಿ ಕೂತಿತು. ನೀನು ಮೂರನೇ ಕ್ಲಾಸು ಕಣವ್ವ ಅಂದರೆ, “ನಾ ಎರಡ್ನೇ ಕ್ಲಾಸಿಗೇ ಹೋಗ್ನಿಲ್ವಲ್ಲ ಸಾ” ಅಂದಿತು. ಅದರ ವಾದದಲ್ಲಿ ತಪ್ಪು ಹುಡುಕಿ ನೋಡಿ. ಈ ಮಕ್ಕಳಿಗಾಗಿಯೇ 2022ರ ಮೇ 16ರಂದು, ಬೇಸಿಗೆ ರಜೆ ಮೊಟಕು ಮಾಡಿ, ‘ಕಲಿಕಾ ಚೇತರಿಕೆ’ ಅಂತ ಹೊಸ ವರ್ಷ ಶುರು ಮಾಡಿದರು. ರಜೆ ಹೋಯಿತಲ್ಲ ಎಂದು ನಮ್ಮವರು ಮತ್ತೆ ಗೊಣಗಿದರು, ಊರಿನವರು ಮತ್ತೆ ನಕ್ಕರು.

ಆ ವರ್ಷವೇ ಅತಿಥಿ ಶಿಕ್ಷಕರ ಗೌರವಧನ 10,000 ಆಯಿತು. ನಮ್ಮಲ್ಲಿ ಒಂದು ಜಾಗ ಖಾಲಿ ಇತ್ತು. ವಿಜ್ಞಾನ ಹೇಳಲು ಆ ಎಳನೀರಿನವನಿಗಿಂತ ಒಳ್ಳೆಯವನು ಎಲ್ಲಿ ಸಿಗುತ್ತಾನೆ ಅಂತ ಹೆಡ್ ಮೇಷ್ಟ್ರು ನನ್ನನ್ನೇ ಕಳಿಸಿದರು. ಮದ್ದೂರು ಮಾರುಕಟ್ಟೆಯಲ್ಲಿ ಸಿಕ್ಕಿದ, ಲಾರಿಗೆ ಕಾಯಿ ಎಣಿಸಿ ಹಾಕಿಸುತ್ತಿದ್ದ. ಈಗ ಅವನೇ ನಾಲ್ಕು ಜನರ ಗುಂಪು ಕಟ್ಟಿಕೊಂಡಿದ್ದ. ನನಗೊಂದು ಎಳನೀರು ಕೊಚ್ಚಿಸಿ ಕೊಟ್ಟು, ಕುಡಿಯುವ ತನಕ ಸುಮ್ಮನಿದ್ದು ಅಂದ:

“ಬೇಸ್ಗೇಲಿ ಎಳ್ನೀರ್‌ಗೆ ರೇಟು ಸಾ. ಅದೇ ಬೇಸ್ಗೆ ರಜದಲ್ಲಿ ನಿಮ್ಮೋರು ಅತಿಥಿಗೆ ಸಂಬ್ಳ ಕೊಡಲ್ಲ. ನೀವೇ ಲೆಕ್ಕ ಹಾಕಿ ಹೇಳಿ, ಬರ್ತೀನಿ.”

ಲೆಕ್ಕ ಹಾಕಿದೆ. ಬಾ ಅಂತ ಹೇಳಲಿಲ್ಲ. ಹೆಡ್ ಮೇಷ್ಟ್ರಿಗೆ ಫೋನ್ ಮಾಡಿ, ಮಳವಳ್ಳಿ ಕಡೆ ಬೇರೆ ಯಾರಾದರೂ ಸಿಗುತ್ತಾರೇನೋ ವಿಚಾರಿಸೋಣ ಅಂದೆ.