ಎರಡು ತೊಟ್ಟಿ, ಒಬ್ಬಳು ಇಂಟರ್ನ್

"ಏನ್ರೀ, ಬ್ಲಾಗಿಗೆ ಬೀಗ ಹಾಕಿಬಿಟ್ರಾ?" ಅಂತ ಇಬ್ಬರು ಮೂವರು ಮಿತ್ರರು ಕೇಳಿದ್ರು. ಬೀಗ ಏನಿಲ್ಲ, ಕೈಯೆಲ್ಲ ಗೊಬ್ಬರ ಆಗಿತ್ತು ಅಷ್ಟೆ :-) ಇವತ್ತು ಭಾನುವಾರ, ಕೈ ತೊಳ್ಕೊಂಡು ಕೂತಿದ್ದೀನಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬಂಗಾರಪೇಟೆ ಪಕ್ಕ ನಮ್ಮದೊಂದು ಸಣ್ಣ ಎರೆಗೊಬ್ಬರದ ಶೆಡ್ ಇದೆ. ಎಂಟು ತೊಟ್ಟಿ, ಕೆಲಸಕ್ಕೆ ಇಬ್ಬರು ಅಕ್ಕಂದಿರು, ಒಂದು ಹಳೇ ಲಗೇಜ್ ಆಟೋ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಕೋಲಾರದ ಎಸ್‌ಕೆಜಿ ಸಂಘದವರು ಹಳ್ಳಿಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸಿ, ಅದರಿಂದ ಹೊರಗೆ ಬರೋ ಬಗ್ಗಡವನ್ನ ಎರೆಗೊಬ್ಬರ ಮಾಡಿ ಮಾರೋದನ್ನ ಹೆಂಗಸರಿಗೆ ಕಲಿಸಿದ್ರು. 2007ರಲ್ಲಿ ಅವರಿಗೆ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಎರಡು ಘನ ಮೀಟರಿನ ಗುಂಡಿಗೆ ದಿನಾ ಸುಮಾರು 50 ಕೆಜಿ ಸಗಣಿ ಬೇಕು. ಹಾಕಿದ್ದು ಹೊರಗೆ ಬರಲೇಬೇಕಲ್ಲ? ನಾವೂ ಅಂಥ ಮನೆಗಳಿಂದಲೇ ಬಗ್ಗಡ ತರೋದು.

ಈಗ ಇಂಟರ್ನ್‌ಶಿಪ್ ಸಿಲಬಸ್ಸಿಗೇ ಸೇರಿರೋದರಿಂದ ನಮ್ಮ ಶೆಡ್ಡಿಗೂ ಫೋನ್ ಬರುತ್ತೆ. ಮೊದಲ ಪ್ರಶ್ನೆ, "ಸರ್, ಸರ್ಟಿಫಿಕೇಟ್ ಕೊಡ್ತೀರಾ?" ಎರಡನೇದು, "ದಿನಾ ಬರಬೇಕಾ?" ಹುಡುಗರನ್ನ ಬೈಯೋಕೆ ಮನಸ್ಸಾಗಲ್ಲ. ಹುಡುಗರಿಂದಲೇ ದುಡ್ಡು ತಗೊಂಡು, ಆನ್‌ಲೈನಲ್ಲಿ ನಾಲ್ಕು ವೀಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡೋ ಅಂಗಡಿಗಳೇ ಇರುವಾಗ ಅವರು ಇನ್ನೇನು ಕೇಳ್ತಾರೆ? 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ತಿಂಗಳಿಗೆ 5,000 ರೂಪಾಯಿ ಅಂದ್ರು. ಆದ್ರೆ ಅದು ದೊಡ್ಡ 500 ಕಂಪನಿಗಳಿಗೆ, ಅದೂ ಕಾಲೇಜಿಗೆ ಹೋಗ್ತಿರೋರಿಗೆ ಅಲ್ಲ. ನಮ್ಮ ಎಂಟು ತೊಟ್ಟಿ ಎಲ್ಲಿ, ಅದೆಲ್ಲಿ!

ಹಾಗಾಗಿ ನಮ್ಮದೇ ಒಂದು ನಿಯಮ. ದುಡ್ಡು ಕೊಡೋಕೆ ಆಗೋ ಅಷ್ಟೇ ಜನ. ಅಂದ್ರೆ ಒಂದು ಸಲಕ್ಕೆ ಒಬ್ಬರು.

ಕಳೆದ ಬೇಸಿಗೆಯಲ್ಲಿ ಬಂದವಳು ನಂದಿದುರ್ಗದ ಹುಡುಗಿ, ಸಿವಿಲ್ ಇಂಜಿನಿಯರಿಂಗ್. ನಂದಿದುರ್ಗ ಅಂದ ತಕ್ಷಣ ನಿಮಗೆ ನಂದಿಬೆಟ್ಟ, ಟಿಪ್ಪು ಡ್ರಾಪ್ ನೆನಪಾಗುತ್ತೆ. ಇದು ಅದಲ್ಲ, ಕೆಜಿಎಫ್‌ನ ಒಂದು ಗಣಿಯ ಹೆಸರು. ಅವಳ ತಾತ ಆ ಗಣಿಯೊಳಗೆ ಇಳೀತಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಈ ಹುಡುಗಿ ಇನ್ನೂ ಹುಟ್ಟಿರಲಿಲ್ಲ. ಅಪ್ಪ ಮಾರಿಕುಪ್ಪಂ ರೈಲು ಹಿಡಿದು ದಿನಾ ಬೆಂಗಳೂರಿಗೆ ಹೋಗಿ ಬರ್ತಾರೆ. ಮನೆಯಲ್ಲಿ ತಮಿಳು. ನಮ್ಮ ಅಕ್ಕಂದಿರದು ತೆಲುಗು. ನಡುವೆ ಕನ್ನಡ. ಮೂರೇ ದಿನಕ್ಕೆ ನಾನು "ಸರ್" ಹೋಗಿ "ಅಣ್ಣ" ಆದೆ.

"ಈ ಎರಡು ತೊಟ್ಟಿ ನಿಂದು" ಅಂದೆ. ಹಿಡಿ ಗೊಬ್ಬರ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಹಸಿ ಸಗಣಿ ಹಾಗೇ ಸುರಿದ್ರೆ ಕಾವೇರಿ ಹುಳ ಸಾಯುತ್ತೆ. ಇಷ್ಟೇ ಪಾಠ.

ಎರಡನೇ ವಾರ ಅವಳು ಬರಲಿಲ್ಲ. ಎರಡು ದಿನ ಬಿಟ್ಟು ಬಂದಳು, ಜೊತೆಗೆ ಅಪ್ಪ. "ಸಗಣಿ ಬಾಚೋಕಾ ಸರ್ ನಾವು ಇಂಜಿನಿಯರಿಂಗ್ ಓದಿಸ್ತಿರೋದು?" ಅಂದ್ರು. ಜೋರಾಗಿ ಏನಲ್ಲ, ಮೆಲ್ಲಗೇ.

ವೀಕೆಂಡಿಗೆ ಬೆಂಗಳೂರಿಂದ ಬಂದು ಗೊಬ್ಬರ ಮುಟ್ಟಿ ಫೋಟೋ ತೆಗೆಸ್ಕೊಳ್ಳೋರಿಗೆ ಮಣ್ಣಿನ ಕೆಲಸ ಚೆಂದ. ತಲೆಮಾರುಗಳಿಂದ ಯಾರ ಕೈಗೆ ಬೇರೆ ಕೆಲಸವನ್ನೇ ಕೊಡಲಿಲ್ಲವೋ ಅವರಿಗೆ ಅದೇ ಮಾತು ಹೇಗೆ ಕೇಳಿಸುತ್ತೆ? ಆ ಪ್ರಶ್ನೆಗೆ ನನ್ನ ಹತ್ರ ಭಾಷಣ ಇರಲಿಲ್ಲ, ಇರಬೇಕು ಅಂತಾನೂ ಅನ್ನಿಸಲಿಲ್ಲ. ಅವಳ ನೋಟ್‌ಬುಕ್ ತೋರಿಸಿದೆ, ಸ್ಟೈಪೆಂಡ್ ರಿಜಿಸ್ಟರ್ ತೋರಿಸಿದೆ. ಅವರು ಪುಸ್ತಕಕ್ಕಿಂತ ರಿಜಿಸ್ಟರನ್ನೇ ಜಾಸ್ತಿ ಹೊತ್ತು ನೋಡಿದ್ರು. "ಸಹಿ ಮಾಡಿಸ್ಕೊಂಡು ಕೊಡ್ತೀರಾ?" ಅಂದ್ರು. ಹೌದು ಅಂದೆ. ಟೀ ಕುಡಿದು ರೈಲಿಗೆ ಹೋದ್ರು. ಬಿಟ್ಟಿ ಕೆಲಸ ಆಗಿದ್ದಿದ್ರೆ ಮಗಳನ್ನ ಕರ್ಕೊಂಡೇ ಹೋಗ್ತಿದ್ರು, ಹೋಗಬೇಕಾದ್ದೇ.

ಆ ನೋಟ್‌ಬುಕ್ಕಿನಲ್ಲಿ ಇದ್ದದ್ದು ನೀರಿನ ಲೆಕ್ಕ. 2018ರಿಂದ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ. ನಮ್ಮ ಬೋರ್‌ನಲ್ಲಿ ಮಾತ್ರ ಏಪ್ರಿಲ್ ಬಂತು ಅಂದ್ರೆ ನೀರಿಗಿಂತ ಗಾಳಿನೇ ಜಾಸ್ತಿ, ಟ್ಯಾಂಕರ್ ತರಿಸ್ತೀವಿ. ಯಾವ ತೊಟ್ಟಿ ಎಷ್ಟು ಬಕೆಟ್ ಕುಡಿಯುತ್ತೆ ಅಂತ ಅವಳು ದಿನಾ ಬರೀತಿದ್ಳು. ಪಡುವಣದ ಎರಡು ತೊಟ್ಟಿ ಉಳಿದವಕ್ಕಿಂತ ಹೆಚ್ಚು ಎಳೀತಿದ್ವು, ಸಂಜೆ ಬಿಸಿಲು ನೇರ ಒಳಗೆ ಬರ್ತಿತ್ತು. ತೆಂಗಿನ ಗರಿ ಹೆಣೆದು ತಡಿಕೆ ಕಟ್ಟಿಸಿದ್ಳು, ಗೋಣಿಚೀಲ ಎರಡು ಪದರ ಮಾಡಿದ್ಳು, ನೀರು ಹಾಕೋದನ್ನ ಸಂಜೆಗೆ ತಂದ್ಳು. ದಿನಕ್ಕೆ 22 ಬಕೆಟ್ ಇದ್ದದ್ದು 15ಕ್ಕೆ ಇಳೀತು.

ರೂಪಾಯಿ ಲೆಕ್ಕ ಹಾಕಿದ್ರೆ ತಿಂಗಳಿಗೆ ಒಂದು ಟ್ಯಾಂಕರೂ ಉಳಿಯಲಿಲ್ಲ, ಅವಳ ಸ್ಟೈಪೆಂಡ್ ಅದಕ್ಕಿಂತ ಎಷ್ಟೋ ಜಾಸ್ತಿ. ಇಂಟರ್ನ್ ಅಂದ್ರೆ ಅಗ್ಗದ ಆಳು ಅಂದುಕೊಂಡಿರೋ ಸಣ್ಣ ಉದ್ಯಮದವರಿಗೆ ಇದನ್ನ ಹೇಳಲೇಬೇಕು. ಹೇಳಿಕೊಡೋಕೆ ಹೋಗೋ ಹೊತ್ತಂತೂ ಯಾವ ರಿಜಿಸ್ಟರಿಗೂ ಬರಲ್ಲ.

ರಿಪೋರ್ಟ್ ನೋಡಿ ಕಾಲೇಜಿನ ಗೈಡು, "ಬಕೆಟ್ ಅಂತ ಬರೀಬೇಡಮ್ಮ, ಲೀಟರ್ ಅಂತ ಬರಿ" ಅಂದ್ರಂತೆ. ಸರಿಯಾದ ಮಾತೇ. ಎಲ್ಲವನ್ನೂ 15ರಿಂದ ಗುಣಿಸಿ ತಿದ್ದಿದ್ಳು.

ಈಗ ಅವಳು ಕೊನೇ ಸೆಮಿಸ್ಟರು. ನೋಟ್‌ಬುಕ್ ಇಲ್ಲೇ ಮೊಳೆಗೆ ನೇತಾಡ್ತಿದೆ. ಓದು ಬಾರದ ಅಕ್ಕ ಬಕೆಟ್ಟಿಗೊಂದು ಗೆರೆ ಎಳೀತಾರೆ. ಜನವರಿಗೆ ಒಬ್ಬರಿಗೆ ಜಾಗ ಇದೆ, ನಿಮ್ಮ ಕಡೆ ಯಾರಾದ್ರೂ ಇದ್ರೆ ತಿಳಿಸಿ. ಸ್ಟೈಪೆಂಡ್, ಬಸ್ ಖರ್ಚು, ಮಧ್ಯಾಹ್ನ ಮುದ್ದೆ ಸಾರು ನಮ್ಮದು. ದಿನಾ ಬರಬೇಕು.